ಕಚ್ಚುವ ಬೆಕ್ಕು ಮತ್ತು ಗೋಣಿಚೀಲ

ಮನೆಯ ಬೆಕ್ಕು ಮನೆಯವರನ್ನೇ ಕಚ್ಚಿತೆಂದರೆ ನಮ್ಮ ಕಡೆ ಮೊದಲು ಹುಡುಕುವುದು ಗೋಣಿಚೀಲವನ್ನು. ಬೆಕ್ಕನ್ನು ಅದರೊಳಗೆ ತುಂಬಿ, ಬಾಯಿ ಕಟ್ಟಿ, ಸ್ಕೂಟರಿನ ಮುಂದಿಟ್ಟುಕೊಂಡು ಹೊಳೆಯಾಚೆಗೋ ಸಾಗರದ ರಸ್ತೆಯಲ್ಲಿ ನಾಲ್ಕಾರು ಮೈಲಿ ದೂರಕ್ಕೋ ಒಯ್ದು ಬಿಟ್ಟು ಬಂದರೆ ಪೀಡೆ ಕಳೆಯಿತೆಂದು ಮನೆಮಂದಿ ನಿಟ್ಟುಸಿರು ಬಿಡುತ್ತಾರೆ. ಬೆಕ್ಕಿಗೆ ಹಿಂದಿರುಗುವ ದಾರಿ ತಿಳಿಯದಂತೆ ಚೀಲವನ್ನು ಮೂರು ಸುತ್ತು ತಿರುಗಿಸಿ ಇಳಿಸಬೇಕೆಂಬ ಶಾಸ್ತ್ರವನ್ನೂ ಯಾರೋ ಕಟ್ಟಿದ್ದಾರೆ. ಇದು ದಯೆಗೆ ವಿರುದ್ಧವಾದುದೆಂದು ಈ ಪತ್ರಿಕೆಯ ಓದುಗರಿಗೆ ನಾವು ಬಿಡಿಸಿ ಹೇಳಬೇಕಾಗಿಲ್ಲ. ಆದರೆ ಕಚ್ಚಿಸಿಕೊಂಡವರ ಪ್ರಾಣಕ್ಕೂ ಇದು ವಿರುದ್ಧವಾದುದು ಎಂಬ ಸಂಗತಿ ಬಹುಜನರಿಗೆ ತಿಳಿದಿಲ್ಲ. ಆದುದರಿಂದ ಈ ತಿಂಗಳ ಪುಟಗಳನ್ನು ಬೆಕ್ಕಿಗೆ ಮೀಸಲಿಟ್ಟಿದ್ದೇವೆ. ವಿಷಯ ಚಿಕ್ಕದಾಯಿತೆಂದು ಯಾರೂ ಭಾವಿಸಬಾರದಾಗಿ ಕೋರುತ್ತೇವೆ.

ಶಿವಮೊಗ್ಗೆಯ ವಿನೋಬನಗರದಿಂದ ತಾಯಿಯೊಬ್ಬರು ಬರೆದ ಕಾಗದ ಇದಕ್ಕೆ ನಿಮಿತ್ತವಾಯಿತು. ಅವರ ಮನೆಯಲ್ಲಿ ಎರಡು ವರ್ಷದ ಗಂಡುಬೆಕ್ಕೊಂದಿದೆ. ಕಣ್ಣು ಬಿಟ್ಟು ಹೆಚ್ಚು ದಿನಗಳಾಗದ ಮರಿ ಚರಂಡಿಯ ಬದಿಯಲ್ಲಿ ಮಳೆಗೆ ತೋಯ್ದು ಅರಚುತ್ತಿದ್ದುದನ್ನು ಮನೆಯವರು ಎತ್ತಿ ತಂದು, ಹತ್ತಿಯ ಬತ್ತಿಯಿಂದ ಹಾಲು ಕುಡಿಸಿ ಉಳಿಸಿಕೊಂಡರಂತೆ. ಈಗ ಅದು ಅತ್ತೆಯವರ ಕೈಯನ್ನು ಎರಡು ಬಾರಿ, ಆರು ವರ್ಷದ ಮಗಳ ಮಣಿಕಟ್ಟನ್ನು ಒಂದು ಬಾರಿ ರಕ್ತ ಬರುವಂತೆ ಕಚ್ಚಿದೆ. ಅತ್ತೆಯವರು ಅರಿಶಿನ ಸುಣ್ಣ ಕಲಸಿ ಗಾಯಕ್ಕೆ ಹಚ್ಚಿದರು. ಯಜಮಾನರು ಅಟ್ಟದಿಂದ ಗೋಣಿಚೀಲ ಇಳಿಸಿದರು. ಕಚ್ಚಿಸಿಕೊಂಡ ಮಗುವೇ ಬೆಕ್ಕನ್ನು ಬಿಡಬೇಡಿರೆಂದು ಅಳಹತ್ತಿತು. “ಬಿಟ್ಟು ಬಂದರೆ ಪಾಪ, ಇಟ್ಟುಕೊಂಡರೆ ಭಯ. ಯಾವುದು ಸರಿ ಗುರುಗಳೇ?” ಎಂಬುದು ಆ ತಾಯಿಯ ಪ್ರಶ್ನೆ. ಪತ್ರಿಕೆ ಅಚ್ಚಾಗುವವರೆಗೆ ಕಾಯುವ ಪ್ರಶ್ನೆ ಇದಲ್ಲವಾದುದರಿಂದ ಅಂದೇ ಅವರಿಗೆ ದೂರವಾಣಿಯ ಮೂಲಕ ಉತ್ತರ ಹೇಳಿದೆವು: ಮಗುವನ್ನೂ ಅತ್ತೆಯವರನ್ನೂ ಈಗಲೇ ಆಸ್ಪತ್ರೆಗೆ ಕರೆದುಕೊಂಡು ಹೋಗಿರಿ, ಬೆಕ್ಕನ್ನು ಎಲ್ಲಿಯೂ ಕಳುಹಿಸಬೇಡಿರಿ. ಇಲ್ಲಿ ಬರೆಯುತ್ತಿರುವುದು ಉಳಿದ ಮನೆಗಳವರಿಗಾಗಿ.

ಹುಚ್ಚುನಾಯಿ ರೋಗವೆಂದು ನಾವು ಕರೆಯುವ ರೇಬೀಸ್ ರೋಗಕ್ಕೆ ಆ ಹೆಸರು ಅಂಟಿಕೊಂಡದ್ದೇ ಒಂದು ಅನರ್ಥಕ್ಕೆ ಕಾರಣವಾಗಿದೆ. ಅದು ನಾಯಿಗೆ ಮಾತ್ರ ಬರುವ ರೋಗವೆಂದು ಜನ ನಂಬಿದ್ದಾರೆ. ಬೆಕ್ಕಿಗೂ, ಆಕಳಿಗೂ, ನರಿಗೂ, ಮುಂಗುಸಿಗೂ, ಬಿಸಿರಕ್ತದ ಮೊಲೆಯುಣಿಸುವ ಪ್ರಾಣಿ ಯಾವುದಕ್ಕೂ ಅದು ಬರಬಲ್ಲದು. ನಮ್ಮ ದೇಶದಲ್ಲಿ ಈ ರೋಗವನ್ನು ಮನುಷ್ಯರಿಗೆ ಹರಡುವುದರಲ್ಲಿ ನಾಯಿಯದೇ ಮೊದಲ ಸ್ಥಾನವೆಂಬುದು ನಿಜ. ಆದರೆ ರಾತ್ರಿಯೆಲ್ಲ ಮಾಡು ಮಾಳಿಗೆಗಳ ಮೇಲೆ ತಿರುಗುವ ಬೆಕ್ಕನ್ನು ಯಾವ ಹುಚ್ಚುನಾಯಿ ಯಾವಾಗ ಕಚ್ಚಿತೆಂದು ಮನೆಯವರಿಗೆ ತಿಳಿಯುವ ಬಗೆ ಇಲ್ಲ. 2003ರಲ್ಲಿ ನಡೆದ ರಾಷ್ಟ್ರಮಟ್ಟದ ಸಮೀಕ್ಷೆಯೊಂದು ಭಾರತದಲ್ಲಿ ವರ್ಷಕ್ಕೆ ಸುಮಾರು 20,000 ಜನ ಈ ರೋಗದಿಂದ ಸಾಯುತ್ತಾರೆಂದು ಅಂದಾಜು ಮಾಡಿತ್ತು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯವರ 2022-23ರ ಸಮೀಕ್ಷೆ ಆ ಸಂಖ್ಯೆಯನ್ನು ಸುಮಾರು 5,700 ಎಂದಿದೆ. ಸಂಖ್ಯೆ ಇಳಿದಿರುವುದು ಸಂತೋಷವೇ. ಆದರೂ ರೋಗಲಕ್ಷಣ ಒಮ್ಮೆ ಕಾಣಿಸಿಕೊಂಡ ಮೇಲೆ ಬದುಕಿದವರು ಇಲ್ಲವೆನ್ನುವಷ್ಟು ವಿರಳ ಎಂಬ ಮಾತು ಅಂದಿಗೂ ನಿಜ, ಇಂದಿಗೂ ನಿಜ. 2022ರ ಡಿಸೆಂಬರಿನಲ್ಲಿ ಕರ್ನಾಟಕ ಸರ್ಕಾರ ರೇಬೀಸನ್ನು ಕಡ್ಡಾಯವಾಗಿ ವರದಿ ಮಾಡಬೇಕಾದ ರೋಗವೆಂದು ಘೋಷಿಸಿದುದು ಇದರ ಗಾಂಭೀರ್ಯವನ್ನು ಅರಿತೇ.

ಹೀಗೆಂದು ಕಚ್ಚುವ ಬೆಕ್ಕುಗಳಿಗೆಲ್ಲ ಹುಚ್ಚು ಹಿಡಿದಿರುತ್ತದೆಂದು ನಾವು ಹೇಳುತ್ತಿಲ್ಲ. ನೂರಕ್ಕೆ ಬಹುಪಾಲು ಬೆಕ್ಕುಗಳು ಬೇರೆ ಕಾರಣಗಳಿಂದ ಕಚ್ಚುತ್ತವೆ. ಆ ಕಾರಣಗಳಿಗೆ ಮುಂದೆ ಬರುತ್ತೇವೆ. ಆದರೆ ಕಾರಣ ಯಾವುದೇ ಇರಲಿ, ಗಾಯದ ಉಪಚಾರ ಒಂದೇ. ಹರಿಯುವ ನೀರಿನ ಕೆಳಗೆ ಗಾಯವನ್ನು ಹಿಡಿದು ಸಾಬೂನು ಹಚ್ಚಿ 15 ನಿಮಿಷ ತೊಳೆಯಬೇಕು. ಒಂದೆರಡು ಚೊಂಬು ನೀರು ಹೊಯ್ದು ಮುಗಿಸಿದರೆ ತೊಳೆದಂತಾಗಲಿಲ್ಲ. ಗಡಿಯಾರ ನೋಡಿಯೇ ತೊಳೆಯಬೇಕು. ರೋಗಾಣುವಿನ ಮೇಲ್ಪದರ ಸಾಬೂನಿಗೆ ಕರಗಿ ಒಡೆಯುವಂಥದು. ಆದುದರಿಂದ ಬಚ್ಚಲಿನ ಸಾಬೂನೇ ಇಲ್ಲಿ ಮೊದಲ ಔಷಧಿ. ಸುಣ್ಣ, ಅರಿಶಿನ, ಮೆಣಸಿನ ಪುಡಿ, ಸೀಮೆಎಣ್ಣೆ, ಸೊಪ್ಪಿನ ರಸ ಇವು ಯಾವುವನ್ನೂ ಹಚ್ಚಲಾಗದು. ಇವು ಗಾಯವನ್ನು ಕೆರಳಿಸಿ ರೋಗಾಣು ನರವನ್ನು ಹೊಗಲು ಸಹಾಯ ಮಾಡುತ್ತವೆಯೇ ಹೊರತು ಕೊಲ್ಲುವುದಿಲ್ಲ. ಬಿಗಿಯಾಗಿ ಬಟ್ಟೆ ಕಟ್ಟುವುದೂ ಸಲ್ಲದು. ವಿಭೂತಿಯನ್ನು ಮಂತ್ರಿಸಿ ಕೊಡಿರೆಂದು ಮಠಕ್ಕೆ ಓಡಿಬರುವವರನ್ನು ನಾವು ಬಾಲ್ಯದಿಂದ ನೋಡಿದ್ದೇವೆ. ವಿಭೂತಿಯನ್ನು ಕೊಡುವುದುಂಟು, ಅದು ಹಣೆಗೆ, ಗಾಯಕ್ಕಲ್ಲ.

ತೊಳೆದ ಮೇಲೆ ಅಂದೇ ಆಸ್ಪತ್ರೆ. ಶಿವಮೊಗ್ಗೆಯವರಿಗೆ ಮೆಗ್ಗಾನ್ ಆಸ್ಪತ್ರೆ ಇದೆ. ಬೇರೆ ಊರಿನವರು ತಮ್ಮ ಹತ್ತಿರದ ಸರ್ಕಾರಿ ಆಸ್ಪತ್ರೆಗೆ ಹೋಗಬಹುದು. ಹಿರಿಯರು ಹಿಂಜರಿಯುವುದು ಹೊಕ್ಕುಳ ಸುತ್ತ ಹಾಕುತ್ತಿದ್ದ ಹದಿನಾಲ್ಕು ಚುಚ್ಚುಮದ್ದುಗಳ ನೆನಪಿನಿಂದ. ಕುರಿಯ ಮಿದುಳಿನಿಂದ ತಯಾರಾಗುತ್ತಿದ್ದ ಆ ಹಳೆಯ ಲಸಿಕೆಯನ್ನು ನಮ್ಮ ದೇಶ ಕೈಬಿಟ್ಟು ಇಪ್ಪತ್ತು ವರ್ಷಗಳೇ ಸಂದಿವೆ. ಈಗಿನದು ತೋಳಿಗೆ ಹಾಕುವ ಚುಚ್ಚುಮದ್ದು. ಚರ್ಮದೊಳಗೆ ಅಲ್ಪ ಪ್ರಮಾಣದಲ್ಲಿ ಹಾಕುವ ಕ್ರಮದಲ್ಲಿ ಮೊದಲ ದಿನ, ಅಲ್ಲಿಂದ 3ನೆಯ, 7ನೆಯ ಮತ್ತು 28ನೆಯ ದಿನ; ಮಾಂಸಖಂಡಕ್ಕೆ ಹಾಕುವ ಕ್ರಮದಲ್ಲಿ ಇವುಗಳ ಜೊತೆಗೆ 14ನೆಯ ದಿನವೂ ಒಂದು. ರಕ್ತ ಬರುವಂತೆ ಕಚ್ಚಿದ್ದರೆ ಗಾಯದ ಸುತ್ತಲೇ ಇಮ್ಯುನೋಗ್ಲಾಬ್ಯುಲಿನ್ ಎಂಬ ಸಿದ್ಧ ರಕ್ಷಕವಸ್ತುವನ್ನು ಹಾಕುತ್ತಾರೆ. ಲಸಿಕೆಯಿಂದ ಶರೀರ ತನ್ನ ಬಲವನ್ನು ತಾನು ಪಡೆಯುವ ತನಕ ಕಾಯುವುದು ಇದೇ. ಇದನ್ನು ಬೇಡವೆನ್ನಬಾರದು, ವೈದ್ಯರು ಮರೆತರೆ ಕೇಳಿ ಹಾಕಿಸಿಕೊಳ್ಳಬೇಕು. 1885ರ ಜುಲೈ 6ರಂದು ಪ್ಯಾರಿಸ್ಸಿನಲ್ಲಿ ಲೂಯಿ ಪಾಸ್ತರ್ ಎಂಬ ವಿಜ್ಞಾನಿ ಹುಚ್ಚುನಾಯಿ ಕಚ್ಚಿದ ಒಂಬತ್ತು ವರ್ಷದ ಬಾಲಕನಿಗೆ ಮೊದಲ ಬಾರಿ ಈ ಚಿಕಿತ್ಸೆಯನ್ನು ಮಾಡಿಸಿದಾಗ ಕಡಿತವಾಗಿ ಎರಡು ದಿನಗಳಾಗಿದ್ದವು, ಬಾಲಕ ಬದುಕಿದ. ರೋಗಾಣು ಗಾಯದಿಂದ ನರದ ಹಾದಿ ಹಿಡಿದು ಮಿದುಳಿನತ್ತ ನಿಧಾನವಾಗಿ ನಡೆಯುತ್ತದೆ. ಆ ನಡಿಗೆಗಿಂತ ನಾವು ಮುಂದಿರಬೇಕು, ಇಷ್ಟೇ.

ಬೆಕ್ಕಿನ ಕಡಿತಕ್ಕೆ ಇನ್ನೊಂದು ವಿಶೇಷವಿದೆ. ನಾಯಿಯ ಹಲ್ಲು ಹರಿಯುತ್ತದೆ, ಬೆಕ್ಕಿನ ಹಲ್ಲು ದಬ್ಬಣದಂತೆ ಚುಚ್ಚುತ್ತದೆ. ಮೇಲೆ ಸಾಸಿವೆಯಷ್ಟು ತೂತು. ಒಳಗೆ ಕೀಲಿನವರೆಗೆ ಇಳಿದಿರುತ್ತದೆ. ಬೆಕ್ಕಿನ ಬಾಯಿಯಲ್ಲಿ ಸಹಜವಾಗಿಯೇ ಇರುವ ಸೂಕ್ಷ್ಮಾಣುಗಳು ಅಲ್ಲಿ ಉಳಿದು, ಒಂದೇ ದಿನದಲ್ಲಿ ಕೈ ಊದಿ ಕೆಂಪಾಗಿ ಜ್ವರ ಬರುವುದುಂಟು. ಬೆರಳ ಸಂದಿಗೆ, ಮಣಿಕಟ್ಟಿಗೆ ಕಚ್ಚಿದ್ದರಂತೂ, ಸಕ್ಕರೆ ಕಾಯಿಲೆಯವರಿಗೆ ಕಚ್ಚಿದ್ದರಂತೂ, ಗಾಯ ಚಿಕ್ಕದೆಂದು ಕಡೆಗಣಿಸುವಂತಿಲ್ಲ. ಧನುರ್ವಾಯುವಿನ ಚುಚ್ಚುಮದ್ದಿನ ವಿಚಾರವನ್ನೂ ವೈದ್ಯರಲ್ಲಿ ಕೇಳತಕ್ಕದ್ದು.

ಈಗ ಗೋಣಿಚೀಲಕ್ಕೆ ಬರೋಣ. ನಾಯಿ ಬೆಕ್ಕುಗಳ ವಿಷಯದಲ್ಲಿ ವೈದ್ಯಶಾಸ್ತ್ರ ಕಂಡುಕೊಂಡಿರುವ ಒಂದು ಸತ್ಯ ಉಪಯುಕ್ತವಾದುದು. ಕಚ್ಚಿದ ಸಮಯದಲ್ಲಿ ಅದರ ಜೊಲ್ಲಿನಲ್ಲಿ ರೇಬೀಸ್ ರೋಗಾಣು ಇದ್ದಿತೆಂದರೆ ಆ ಪ್ರಾಣಿ ಹತ್ತು ದಿನಗಳೊಳಗೆ ಕಾಯಿಲೆ ಬಿದ್ದು ಸಾಯುತ್ತದೆ. ಹತ್ತು ದಿನ ಕಳೆದೂ ಅದು ಉಂಡು ತಿಂದು ಆರೋಗ್ಯವಾಗಿದ್ದರೆ ಅಂದಿನ ಕಡಿತದಿಂದ ರೇಬೀಸ್ ಬರುವ ಭಯವಿಲ್ಲ. ಹೀಗಿರಲು, ಕಚ್ಚಿದ ಬೆಕ್ಕು ಕಣ್ಣೆದುರಿಗಿರುವುದು ಎಷ್ಟು ದೊಡ್ಡ ಅನುಕೂಲವೆಂಬುದನ್ನು ವಿಚಾರಿಸಿ ನೋಡಬೇಕು. ಚಿಕಿತ್ಸೆಯನ್ನು ಮೊದಲ ದಿನವೇ ಆರಂಭಿಸಿಬಿಡುವುದು. ಬೆಕ್ಕನ್ನು ಒಂದು ಕೋಣೆಯಲ್ಲಿ ನೀರು, ಆಹಾರ, ಮರಳಿನ ತಟ್ಟೆ ಇಟ್ಟು ಕೂಡಿಹಾಕಿ ದಿನವೂ ಗಮನಿಸುವುದು. ಹತ್ತನೆಯ ದಿನದ ನಂತರ ವೈದ್ಯರಿಗೆ ವರದಿ ಒಪ್ಪಿಸುವುದು. ಉಳಿದ ಚುಚ್ಚುಮದ್ದುಗಳನ್ನು ನಿಲ್ಲಿಸಬಹುದೋ ಮುಂದುವರಿಸಬೇಕೋ ಎಂಬುದನ್ನು ಅವರೇ ನಿರ್ಣಯಿಸುತ್ತಾರೆ. ಬೆಕ್ಕನ್ನು ಹೊಳೆಯಾಚೆ ಬಿಟ್ಟು ಬಂದವನು ಈ ಸಾಕ್ಷಿಯನ್ನೇ ಕಳೆದುಕೊಂಡ. ಅಷ್ಟೇ ಅಲ್ಲದೆ, ದುರ್ದೈವದಿಂದ ಅದಕ್ಕೆ ರೋಗವೇ ಇದ್ದಿದ್ದರೆ ಅದನ್ನು ಇನ್ನೊಂದು ಬೀದಿಯ ಮಕ್ಕಳ ನಡುವೆ ಇಳಿಸಿ ಬಂದ. ತನ್ನ ಮನೆಯ ಭಯವನ್ನು ಪರರ ಮನೆಗೆ ಸಾಗಿಸಿದ್ದನ್ನು ಪರಿಹಾರವೆನ್ನುವುದು ಹೇಗೆ?

ಪ್ರಾಣಿಯ ಆರೋಗ್ಯವನ್ನು ಗಮನಿಸಿ ಮನುಷ್ಯನ ಪ್ರಾಣ ಕಾಯುವುದು ಈ ಜಿಲ್ಲೆಗೆ ಹೊಸತೂ ಅಲ್ಲ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸಾಯುತ್ತಿದ್ದುದನ್ನು ಲಕ್ಷಿಸಿದ ಮೇಲಲ್ಲವೇ ಮಂಗನ ಕಾಯಿಲೆಯ ಮೂಲ ತಿಳಿದದ್ದು? ಕಾನೂನಿನ ಮಾತನ್ನೂ ಹೇಳಿಬಿಡುತ್ತೇವೆ. ಪ್ರಾಣಿಹಿಂಸೆಯನ್ನು ತಡೆಯುವ 1960ರ ಕಾಯಿದೆಯ ಪ್ರಕಾರ, ಹಸಿವೆ ಬಾಯಾರಿಕೆಗಳಿಂದ ನರಳಬೇಕಾದ ಸ್ಥಿತಿಯಲ್ಲಿ ಸಕಾರಣವಿಲ್ಲದೆ ಪ್ರಾಣಿಯನ್ನು ತೊರೆಯುವುದು ಅಪರಾಧ.

ಆ ಹತ್ತು ದಿನಗಳಲ್ಲಿ ಏನನ್ನು ನೋಡಬೇಕು? ಮೈಮೇಲೆ ಬೀಳುತ್ತಿದ್ದ ಬೆಕ್ಕು ಇದ್ದಕ್ಕಿದ್ದಂತೆ ಮಂಚದಡಿ ಸೇರಿ ಹೊರಗೆ ಬಾರದಿರುವುದು, ಸಾಧುವಾದುದು ಕಾರಣವಿಲ್ಲದೆ ಎಗರಿ ಕಚ್ಚುವುದು, ಕೂಗು ಒಡೆದು ಬದಲಾಗುವುದು, ಜೊಲ್ಲು ಸುರಿಯುವುದು, ನುಂಗಲಾಗದಿರುವುದು, ಹಿಂಗಾಲು ಎಳೆಯುವುದು. ಇವುಗಳಲ್ಲಿ ಒಂದು ಕಂಡರೂ ಬರಿಗೈಯಿಂದ ಮುಟ್ಟದೆ, ಬಾಗಿಲು ಹಾಕಿ, ಪಶುವೈದ್ಯರಿಗೆ ತಿಳಿಸಬೇಕು. ಸತ್ತರೆ ತಾವೇ ಹೂಳಲು ಹೋಗದೆ ಆಗಲೂ ಅವರನ್ನೇ ಕರೆಯಬೇಕು. ವಿನೋಬನಗರದವರ ಪುಣ್ಯಕ್ಕೆ ಪಶುವೈದ್ಯಕೀಯ ಮಹಾವಿದ್ಯಾಲಯವೇ ಅವರ ಬಡಾವಣೆಯಲ್ಲಿದೆ. ಆಕಳಿಗೆ ಜ್ವರ ಬಂದರೆ ಅಲ್ಲಿಗೆ ಧಾವಿಸುವ ಜನ ಬೆಕ್ಕನ್ನೂ ತೋರಿಸಬಹುದೆಂದು ಏಕೋ ಯೋಚಿಸುವುದಿಲ್ಲ. ಹಾಲು ಕೊಡದ ಪ್ರಾಣಿಗೆ ಯಾರು ಖರ್ಚು ಮಾಡುತ್ತಾರೆ!

ಇನ್ನು, ರೋಗವಿಲ್ಲದ ಬೆಕ್ಕು ಕಚ್ಚುವುದೇಕೆ ಎಂಬ ವಿಚಾರ. ಕಾಗದ ಬರೆದ ತಾಯಿಯನ್ನು ನಾವು ಪ್ರಶ್ನಿಸಿದಾಗ ಎರಡು ಸಂಗತಿಗಳು ಹೊರಬಂದವು. ಮರಿ ತಾಯಿಯನ್ನೂ ಒಡಹುಟ್ಟಿದ ಮರಿಗಳನ್ನೂ ಬಹು ಬೇಗ ಅಗಲಿತ್ತು. ಮರಿಗಳು ಎರಡು ತಿಂಗಳವರೆಗೆ ಒಟ್ಟಿಗೆ ಬೆಳೆಯುವಾಗ ಒಂದನ್ನೊಂದು ಕಚ್ಚಿ ಕಚ್ಚಿಸಿಕೊಂಡು, ಎಷ್ಟು ಬಿಗಿಯಾಗಿ ಕಚ್ಚಿದರೆ ನೋಯುತ್ತದೆ, ಎಷ್ಟಾದರೆ ಆಟವಾಗುತ್ತದೆ ಎಂಬ ಪಾಠವನ್ನು ಕಲಿಯುತ್ತವೆ. ಈ ಬೆಕ್ಕಿಗೆ ಆ ಶಾಲೆ ತಪ್ಪಿತು. ಅದರ ಮೇಲೆ ಮನೆಯವರೆಲ್ಲ ಬೆರಳನ್ನು ಆಡಿಸಿ ಆಡಿಸಿ ಮರಿಯಿಂದ ಕಚ್ಚಿಸಿಕೊಂಡು ನಕ್ಕರು. ಹಾಲುಹಲ್ಲಿನ ಮರಿಗೆ ಬೆರಳೇ ಆಟಿಕೆಯೆಂದು ಕಲಿಸಿ, ಕೋರೆ ಬಂದ ಮೇಲೆ ಬೆರಳನ್ನು ಮುಟ್ಟಬಾರದೆಂದರೆ ಅದಕ್ಕೆ ಅರ್ಥವಾಗುವುದೆಂತು? ಕೈಯನ್ನು ಆಟದಿಂದ ಹಿಂದಕ್ಕೆ ತೆಗೆದು, ಅದರ ಬದಲಿಗೆ ದಾರಕ್ಕೆ ಕಟ್ಟಿದ ಬಟ್ಟೆಯ ಚೂರನ್ನೋ ಕಾಗದದ ಉಂಡೆಯನ್ನೋ ದಿನಕ್ಕೆ ಎರಡು ಬಾರಿ ಐದು ಹತ್ತು ನಿಮಿಷ ಆಡಿಸಿ, ಆಟ ಮುಗಿದೊಡನೆ ಆಹಾರ ಹಾಕುವುದು ಸರಿಯಾದ ದಾರಿ. ಬೇಟೆಯಾಡಿ, ಉಂಡು, ಮೈ ನೆಕ್ಕಿ, ಮಲಗುವುದು ಅದರ ಹುಟ್ಟುಗುಣದ ಕ್ರಮ. ಆಡಿದ ಮೇಲೆ ದಾರವನ್ನು ಎತ್ತಿಡಬೇಕು. ಬೆಕ್ಕು ಅದನ್ನು ನುಂಗಿದರೆ ಕರುಳಿಗೆ ಅಪಾಯ.

ಅತ್ತೆಯವರ ವಿಷಯ ಬೇರೆ. ತೊಡೆಯ ಮೇಲೆ ಮಲಗಿದ ಬೆಕ್ಕನ್ನು ಅವರು ಬಹಳ ಹೊತ್ತು ಸವರುತ್ತಿದ್ದರು, ಅಂಗಾತ ಮಾಡಿ ಹೊಟ್ಟೆ ಸವರುತ್ತಿದ್ದರು. ಬೆಕ್ಕುಗಳಲ್ಲಿ ಹೆಚ್ಚಿನವು ತಲೆ, ಗಲ್ಲಗಳನ್ನು ಸವರಿದರೆ ಹಿಗ್ಗುತ್ತವೆ. ಹೊಟ್ಟೆಯನ್ನು ಮುಟ್ಟಿದರೆ ಸಹಿಸುವುದಿಲ್ಲ. ಸಾಕೆನಿಸಿದಾಗ ಬಾಲದ ತುದಿ ಪಟಪಟನೆ ಬಡಿಯುತ್ತದೆ, ಕಿವಿ ಹಿಂದಕ್ಕೆ ಮಡಿಯುತ್ತದೆ, ಬೆನ್ನಿನ ಚರ್ಮ ಅದಿರುತ್ತದೆ, ಕಣ್ಣಿನ ಪಾಪೆ ಹಿಗ್ಗುತ್ತದೆ. ಇಷ್ಟು ಹೇಳಿದರೂ ಕೇಳದವರಿಗೆ ಕೊನೆಯ ಮಾತಾಗಿ ಹಲ್ಲನ್ನು ತೋರಿಸುತ್ತದೆ. ಆಗ ಕೈಯನ್ನು ಸೆಳೆದುಕೊಳ್ಳಬಾರದು. ಸೆಳೆದರೆ ಇಲಿ ಓಡಿತೆಂದು ಅದು ಇನ್ನೂ ಬಿಗಿಯಾಗಿ ಹಿಡಿಯುತ್ತದೆ. ಕೈಯನ್ನು ಸಡಿಲಗೊಳಿಸಿ ಅಲುಗಾಡದಿದ್ದರೆ ತಾನಾಗಿ ಬಿಡುತ್ತದೆ. ಹಿಂದೆ ಎಂದೂ ಕಚ್ಚದ ಬೆಕ್ಕು ಒಂದು ನಿರ್ದಿಷ್ಟ ಜಾಗವನ್ನು ಮುಟ್ಟಿದಾಗ ಮಾತ್ರ ಕಚ್ಚತೊಡಗಿದರೆ ಅಲ್ಲಿ ನೋವಿದೆ. ಹಲ್ಲು, ಕಿವಿ, ಕಾದಾಟದ ಹಳೆಯ ಗಾಯ ಇವುಗಳನ್ನು ಪರೀಕ್ಷಿಸಬೇಕು. ಗಂಡುಬೆಕ್ಕಿಗೆ ಸಂತಾನಹರಣ ಶಸ್ತ್ರಚಿಕಿತ್ಸೆ ಮಾಡಿಸಿದರೆ ಕಾದಾಟ, ಅಲೆದಾಟಗಳು ಬಹುಮಟ್ಟಿಗೆ ತಗ್ಗುತ್ತವೆ.

ಹೊಡೆದು ಬುದ್ಧಿ ಕಲಿಸುತ್ತೇವೆನ್ನುವವರು ತೆನಾಲಿ ರಾಮಕೃಷ್ಣನ ಬೆಕ್ಕಿನ ಕಥೆಯನ್ನು ನೆನೆಯಬೇಕು. ಕುದಿಯುವ ಹಾಲಿಗೆ ಒಮ್ಮೆ ಬಾಯಿ ಸುಟ್ಟುಕೊಂಡ ಆ ಬೆಕ್ಕು ಮತ್ತೆ ಹಾಲನ್ನು ಕಂಡೊಡನೆ ಓಡುತ್ತಿತ್ತು. ಕಥೆಯನ್ನು ಕೇಳಿ ರಾಮಕೃಷ್ಣನ ಚಾತುರ್ಯಕ್ಕೆ ನಗುತ್ತೇವೆ. ಬೆಕ್ಕು ನೋವನ್ನು ಎಷ್ಟು ಕಾಲ ನೆನಪಿನಲ್ಲಿಡುತ್ತದೆಂಬುದನ್ನು ಗಮನಿಸುವುದಿಲ್ಲ. ಹೊಡೆದ ಕೈಯನ್ನು ಬೆಕ್ಕು ಮರೆಯದು. ಮತ್ತೆ ಆ ಕೈ ಪ್ರೀತಿಯಿಂದ ಬಂದರೂ ಅದು ಮುಂಚಿತವಾಗಿ ಕಚ್ಚಿ ತನ್ನನ್ನು ರಕ್ಷಿಸಿಕೊಳ್ಳುತ್ತದೆ.

ಆಹಾರದ ವಿಚಾರವನ್ನು ನಮ್ಮ ಸಮಾಜದ ಮನೆಗಳಲ್ಲಿ ಯಾರೂ ಬಾಯಿಬಿಟ್ಟು ಆಡುವುದಿಲ್ಲ, ನಾವು ಆಡಲೇಬೇಕಾಗಿದೆ. ಶಾಕಾಹಾರಿಗಳಾದ ನಾವು ಬೆಕ್ಕಿಗೆ ಹಾಲು ಅನ್ನ, ಮೊಸರನ್ನ, ರೊಟ್ಟಿಯ ಚೂರು ಹಾಕಿ, ಅದು ಸುಖವಾಗಿದೆಯೆಂದು ತಿಳಿಯುತ್ತೇವೆ. ನಾವು ಮಠದಲ್ಲಿ ಓದುತ್ತಿದ್ದ ಕಾಲದಲ್ಲಿ ಉಗ್ರಾಣದಲ್ಲಿ ಸದಾ ಮೂರು ನಾಲ್ಕು ಬೆಕ್ಕುಗಳಿರುತ್ತಿದ್ದವು. (ಶಿವಮೊಗ್ಗೆಯಲ್ಲಂತೂ ಬೆಕ್ಕಿನ ಕಲ್ಮಠವೆಂಬ ಹೆಸರಿನ ಮಠವೇ ಇದೆ.) ದಾಸೋಹದ ಪಂಕ್ತಿ ಎದ್ದ ಮೇಲೆ ಅವಕ್ಕೂ ಅನ್ನ ಮಜ್ಜಿಗೆ ಬೀಳುತ್ತಿತ್ತು. ಆದರೆ ಅವು ಪುಷ್ಟವಾಗಿದ್ದುದು ನಮ್ಮ ಮಜ್ಜಿಗೆಯಿಂದಲ್ಲ. ಅಕ್ಕಿಯ ಮೂಟೆಗಳ ಸಂದಿಯ ಇಲಿಗಳಿಂದ. ಉಗ್ರಾಣದವರು ಅದನ್ನು ಕಂಡೂ ಕಾಣದಂತಿದ್ದರು. ಇಂದಿನ ಸಿಮೆಂಟಿನ ಮನೆಯಲ್ಲಿ, ಕಿಟಕಿಗೆ ಜಾಲರಿ ಹೊಡೆಸಿದ ಮೇಲೆ, ಬೆಕ್ಕಿಗೆ ಆ ಉಗ್ರಾಣವಿಲ್ಲ. ಹಾಲು ಅನ್ನವೇ ಅದರ ಸರ್ವಸ್ವ.

ನಾಯಿ ಅನ್ನ ತಿಂದು ಬದುಕಬಲ್ಲದು, ಬೆಕ್ಕು ಬದುಕಲಾರದು. ಟಾರಿನ್ ಎಂಬ ಪೌಷ್ಟಿಕಾಂಶ ಬೆಕ್ಕಿಗೆ ಅತ್ಯವಶ್ಯ. ಅದು ಮಾಂಸ ಮೀನುಗಳಲ್ಲಿದೆ, ಧಾನ್ಯ ಕಾಳುಗಳಲ್ಲಿಲ್ಲ. ಬೆಕ್ಕಿನ ಶರೀರ ಅದನ್ನು ಸಾಕಷ್ಟು ತಯಾರಿಸಿಕೊಳ್ಳಲಾರದು. ಅದರ ಕೊರತೆಯಿಂದ ಬೆಕ್ಕು ಕುರುಡಾಗುತ್ತದೆಂಬುದನ್ನು 1975ರಲ್ಲಿ, ಹೃದಯ ಸೋಲುತ್ತದೆಂಬುದನ್ನು 1987ರಲ್ಲಿ ಅಮೆರಿಕದ ವಿಜ್ಞಾನಿಗಳು ಪ್ರಕಟಿಸಿದರು. ಬೆಳೆದ ಬೆಕ್ಕುಗಳಲ್ಲಿ ಎಷ್ಟೋ ಬೆಕ್ಕುಗಳಿಗೆ ಹಾಲು ಜೀರ್ಣವಾಗುವುದಿಲ್ಲವೆಂಬುದು ಇನ್ನೊಂದು ಆಶ್ಚರ್ಯ. 2021ರಲ್ಲಿ ಇಂಗ್ಲೆಂಡಿನ ಎಕ್ಸೆಟರ್ ವಿಶ್ವವಿದ್ಯಾಲಯದವರು ನಡೆಸಿದ ಪ್ರಯೋಗದಲ್ಲಿ, ಮಾಂಸಸತ್ವ ಹೆಚ್ಚಿರುವ ಆಹಾರ ಕೊಟ್ಟ ಬೆಕ್ಕುಗಳು ಬೇಟೆಯಾಡಿ ಮನೆಗೆ ತರುವುದು ನೂರಕ್ಕೆ 36ರಷ್ಟು, ದಿನವೂ ಆಟವಾಡಿಸಿದ ಬೆಕ್ಕುಗಳಲ್ಲಿ ನೂರಕ್ಕೆ 25ರಷ್ಟು ಕಡಿಮೆಯಾಯಿತು. ಅದು ಬೇಟೆಯ ಲೆಕ್ಕವೇ ಹೊರತು ಕಡಿತದ ಲೆಕ್ಕವಲ್ಲ. ಆದರೂ ತಕ್ಕ ಆಹಾರವಿಲ್ಲದೆ, ಬೇಟೆಯೂ ಇಲ್ಲದೆ ನಾಲ್ಕು ಗೋಡೆಗಳ ನಡುವೆ ಇರುವ ಬೆಕ್ಕಿನ ಕಣ್ಣಿಗೆ ನಡೆದಾಡುವ ಮಗುವಿನ ಕಾಲ್ಬೆರಳೇ ಇಲಿಯಾಗಿ ಕಂಡರೆ ಅದನ್ನು ದುಷ್ಟತನವೆನ್ನಲು ನಮಗೆ ಮನಸ್ಸು ಬಾರದು. ತ್ಯಾವರೆಕೊಪ್ಪದ ಹುಲಿ ಸಿಂಹಗಳು ಇದರ ದಾಯಾದಿಗಳೇ. ಅವುಗಳ ಮುಂದೆ ಯಾರೂ ಹಾಲು ಅನ್ನದ ತಟ್ಟೆ ಇಡುವುದಿಲ್ಲ.

ಹಾಗಾದರೆ ಲಿಂಗವಂತರ ಮನೆಯಲ್ಲಿ ಬೆಕ್ಕಿಗಾಗಿ ಮಾಂಸ ಬೇಯಿಸಬೇಕೇ ಎಂದು ಹಿರಿಯರು ಕೋಪಿಸಿಕೊಳ್ಳಬಹುದು. ನಾವು ಹಾಗೆ ಹೇಳುವುದಿಲ್ಲ. ಬೆಕ್ಕಿಗೆಂದೇ ತಯಾರಿಸಿದ ಒಣ ಆಹಾರದ ಪೊಟ್ಟಣಗಳು ಈಗ ಅಂಗಡಿಗಳಲ್ಲಿ ದೊರೆಯುತ್ತವೆ. ಅವುಗಳಲ್ಲಿ ಮಾಂಸ ಮೀನುಗಳ ಅಂಶವಿರುವುದು ನಿಜ. ಆದರೆ ಅಡುಗೆಮನೆಯ ಒಲೆಗೂ ಪಾತ್ರೆಗೂ ಅದರ ಸೋಂಕಿಲ್ಲ. ಹಿತ್ತಲಿನಲ್ಲಿ ಬೇರೆ ತಟ್ಟೆಯಿಟ್ಟು ಹಾಕಬಹುದು. ನಮ್ಮ ಆಚಾರ ನಮ್ಮ ನಾಲಿಗೆಗೆ ನಾವು ಹಾಕಿಕೊಂಡ ಕಟ್ಟಳೆ. ದೀಕ್ಷೆ ಪಡೆಯದ ಬೆಕ್ಕಿನ ಮೇಲೆ ಅದನ್ನು ಹೇರಿ ಅದರ ಕಣ್ಣು ಕಳೆಯುವುದನ್ನು ನಾವು ಆಚಾರವೆಂದು ಒಪ್ಪಲಾರೆವು. ಇಷ್ಟನ್ನೂ ಮನಸ್ಸು ಸಹಿಸದೆಂದರೆ ಬೆಕ್ಕನ್ನು ತಾರದಿರುವುದೇ ಲೇಸು. ಆಕಳನ್ನು ಸಾಕಲಿ, ಅದರ ಊಟಕ್ಕೂ ನಮ್ಮ ಊಟಕ್ಕೂ ಜಗಳವಿಲ್ಲ. ಆದರೆ ತಂದಾದ ಮೇಲೆ, ಎರಡು ವರ್ಷ ಉಣಿಸಿದ ಮೇಲೆ, ಕಚ್ಚಿತೆಂಬ ಕಾರಣಕ್ಕೆ ಆಚಾರದ ಮಾತನ್ನು ತೆಗೆದು ಗೋಣಿಚೀಲದ ಬಾಯಿ ಬಿಚ್ಚುವುದು ಬೇರೆ ವಿಷಯ.

ಬೆಕ್ಕಿಗೂ ರೇಬೀಸ್ ಲಸಿಕೆಯುಂಟು. ಮೂರು ತಿಂಗಳ ಮರಿಗೆ ಮೊದಲ ಬಾರಿ, ಅಲ್ಲಿಂದ ಮುಂದೆ ಪಶುವೈದ್ಯರು ಹೇಳಿದಂತೆ ಸಾಮಾನ್ಯವಾಗಿ ವರ್ಷಕ್ಕೊಮ್ಮೆ ಹಾಕಿಸಿ, ಕೊಟ್ಟ ಚೀಟಿಯನ್ನು ಮಕ್ಕಳ ಲಸಿಕೆಯ ಚೀಟಿಯ ಜೊತೆಗೇ ಇಡುವುದು ಒಳ್ಳೆಯದು. ಲಸಿಕೆ ಹಾಕಿಸಿದ ಬೆಕ್ಕು ಕಚ್ಚಿದರೂ ಗಾಯ ತೊಳೆದು ವೈದ್ಯರಿಗೆ ತೋರಿಸುವುದನ್ನು ಬಿಡತಕ್ಕದ್ದಲ್ಲ. ಮನೆಯಲ್ಲಿ ಕಚ್ಚುವ ಬೆಕ್ಕಿದೆಯೆಂದು ನೆರೆಯವರಿಗೆ ಸಂಕೋಚವಿಲ್ಲದೆ ತಿಳಿಸಬೇಕು. ಆಡಲು ಬರುವ ಮಕ್ಕಳು ಹೆದರಿ ಮುಚ್ಚಿಡುವ ಗಾಯಗಳೇ ಹೆಚ್ಚು ಅಪಾಯಕಾರಿ. ಬೆಕ್ಕು ಪರಚಿತೆಂದೋ ಕಚ್ಚಿತೆಂದೋ ಹೇಳಿದ ಮಗುವನ್ನು ಅಂದು ಬೈಯಬಾರದು. ಬೈದರೆ ಮುಂದಿನ ಸಲ ಅದು ಹೇಳುವುದಿಲ್ಲ.

ಇದನ್ನು ಓದುವ ಮುನ್ನವೇ ಕಚ್ಚಿದ ಬೆಕ್ಕನ್ನು ದೂರ ಬಿಟ್ಟು ಬಂದಿರುವ ಮನೆಗಳೂ ಇರಬಹುದು. ಅವರು ಬಿಟ್ಟ ಜಾಗಕ್ಕೆ ಹೋಗಿ ಹುಡುಕಿ ನೋಡಲಿ; ಬೆಕ್ಕು ಜಾಗಕ್ಕೆ ಅಂಟಿಕೊಳ್ಳುವ ಪ್ರಾಣಿಯಾದುದರಿಂದ ತಾನಾಗಿಯೇ ಮನೆಗೆ ಮರಳುವುದೂ ಉಂಟು. ಸಿಕ್ಕದಿದ್ದರೆ ಬೆಕ್ಕು ಕಾಣೆಯಾಗಿದೆಯೆಂಬುದನ್ನು ಮುಚ್ಚಿಡದೆ ವೈದ್ಯರಿಗೆ ಹೇಳಿ, ಕಚ್ಚಿಸಿಕೊಂಡವರಿಗೆ ಒಂದು ಚುಚ್ಚುಮದ್ದನ್ನೂ ತಪ್ಪಿಸದೆ 28ನೆಯ ದಿನದವರೆಗೆ ಪೂರ್ತಿಯಾಗಿ ಹಾಕಿಸತಕ್ಕದ್ದು. ಕಚ್ಚಿ ವಾರಗಳೇ ಕಳೆದಿದ್ದರೂ, ಗಾಯ ಮಾಯ್ದಿದ್ದರೂ, ಇನ್ನೇನೆಂದು ಸುಮ್ಮನಿರದೆ ನಾಳೆ ಬೆಳಗ್ಗೆಯೇ ಆಸ್ಪತ್ರೆಗೆ ಹೋಗಬೇಕು.